ಹರಿಹರದಿಂದ ಆವರಗೆರೆಗೆ, ನಡುವೆ ಇಳಿಯದೆ

ಹರಿಹರದಿಂದ ಬಂದ ನಮ್ಮ ಬಸ್ಸು ದಾವಣಗೆರೆಯ ಸಿಟಿ ಬಸ್ ಸ್ಟ್ಯಾಂಡಿನೊಳಗೆ ತಿರುಗುತ್ತಿದ್ದ ಹಾಗೆಯೇ ಆವರಗೆರೆ ಬಸ್ಸು ಇನ್ನೊಂದು ಗೇಟಿನಿಂದ ಹೊರಗೆ ಹೋಗುತ್ತಿತ್ತು. ಅದರ ಹಿಂಭಾಗದ ಗಾಜು, ಗಾಜಿನ ಮೇಲಿನ ಧೂಳು, ಕೊನೆಯ ಸೀಟಿನಲ್ಲಿ ಕೂತವರ ತಲೆ, ಎಲ್ಲ ಕಾಣುತ್ತಿತ್ತು. ನಮ್ಮ ಬಸ್ಸು ಸರಿಯಾಗಿ ನಿಲ್ಲುವ ಮೊದಲೇ ಒಬ್ಬ ಹೆಂಗಸು ಬಟ್ಟೆಯ ಗಂಟನ್ನು ಎದೆಗೆ ಒತ್ತಿಕೊಂಡು ಇಳಿದಳು, ನಾಲ್ಕು ಹೆಜ್ಜೆ ಓಡಿದಳು, ನಿಂತಳು. ಬಸ್ಸು ಸಿಗುತ್ತದೆ ಎಂದು ಓಡಿದಂತೆ ಕಾಣಲಿಲ್ಲ. ದಿನಾ ಓಡುವವರು ಅಭ್ಯಾಸಕ್ಕೆ ಓಡುತ್ತಾರಲ್ಲ, ಹಾಗೆ.

ನನ್ನ ವಾಚಿನಲ್ಲಿ ಏಳು ಇಪ್ಪತ್ತೇಳು. ಆವರಗೆರೆ ಬಸ್ಸಿನ ಟೈಮು ಏಳು ಇಪ್ಪತ್ತೈದು. ಎರಡೂ ಬಸ್ಸು ಕರೆಕ್ಟ್ ಟೈಮಿಗೆ ಓಡುತ್ತಿದ್ದವು. ತೊಂದರೆ ಇದ್ದದ್ದೇ ಅಲ್ಲಿ.

ನಾನು ಮೆಲ್ಲಗೆ ಇಳಿದು ಅವಳ ಪಕ್ಕದ ಕಟ್ಟೆಯ ಮೇಲೆ ಕೂತೆ. ನಲವತ್ತರ ಹತ್ತಿರದ ಹೆಂಗಸು. ಹರಿಹರದ ಆಚೆಯ ಸಾರಥಿ ಎಂಬ ಊರಿನಿಂದ ಬರುತ್ತಾಳೆ. ಆವರಗೆರೆ ದಾಟಿದ ಮೇಲೆ ಇರುವ ಒಂದು ಹುಡುಗಿಯರ ಹಾಸ್ಟೆಲಿನ ಮೆಸ್ಸಿನಲ್ಲಿ ರೊಟ್ಟಿ ಬಡಿಯುವ ಕೆಲಸ.

"ದಿನಾ ಹಿಂಗೇನಾ?" ಎಂದು ಕೇಳಿದೆ.

"ದಿನಾ ಹಿಂಗೇ ರೀ ಅಮ್ಮಾರೆ. ನಾವು ಬರೋದು ನೋಡೇ ಹೊರಡತೈತೆ ಅದು, ಸವತಿ ಥರ."

"ಮುಂದಿನ ಬಸ್ಸು?"

"ಏಳೂ ಐವತ್ತು. ಅಲ್ಲಿ ಇಳಿದು ನಡೆಯೋ ಹೊತ್ತಿಗೆ ಎಂಟು ಕಾಲು ಆಗಿರ್ತೈತೆ. ಮೆಸ್ಸಿನ ಮೇಡಂ ಹೇಳ್ಯಾರೆ, ಮುಂದಿನ ತಿಂಗಳಿಂದ ಎಂಟಕ್ಕೆ ಒಲೆ ಮುಂದೆ ಕೂತಿರಬೇಕು, ಇಲ್ಲಾಂದ್ರೆ ಬರಬ್ಯಾಡ ಅಂತ. ಆವರಗೆರೆಯಾಗೇ ಒಬ್ಬಾಕೆ ರೆಡಿ ಅದಾಳೆ. ಆಕಿ ರೊಟ್ಟಿ ನೋಡೀನಿ ನಾನು. ಚಪ್ಪಲಿ ಹೊಲಿಬೋದು."

"ಹರಿಹರದಿಂದ ಮೊದಲಿನ ಬಸ್ಸಿಗೆ ಬರೋಕಾಗಲ್ವಾ?"

"ನಮ್ಮೂರಿಂದ ಮೊದಲನೇ ಆಟೋನೇ ಆರೂ ಇಪ್ಪತ್ತಕ್ಕೆ ರೀ. ಅದರಾಗೆ ಬಂದ್ರೆ ಆರೂ ಐವತ್ತರ ಈ ಬಸ್ಸೇ ಸಿಗೋದು." ಗಂಟನ್ನು ತೊಡೆಯ ಮೇಲಿಟ್ಟುಕೊಂಡು ಗೇಟಿನ ಕಡೆ ನೋಡಿದಳು. "ಈ ಟೈಮು ಬರದೋನು ಒಂದು ದಿನಾನೂ ಬಸ್ ಹತ್ತಿರಲಿಕ್ಕಿಲ್ಲ ಬಿಡ್ರಿ."

ಆ ಟೈಮು ಬರೆದವಳು ನಾನು.

ಇದನ್ನು ಹೇಗೆ ವಿವರಿಸಲಿ. ಡಿವಿಜನ್ ಆಫೀಸಿನ ಟ್ರಾಫಿಕ್ ಸೆಕ್ಷನ್ನಿನಲ್ಲಿ ನಾನು ಬಸ್ಸುಗಳ ವೇಳಾಪಟ್ಟಿ ಬರೆಯುತ್ತಿದ್ದ ಕಾಲದಲ್ಲಿ ಕಂಪ್ಯೂಟರ್ ಇರಲಿಲ್ಲ. ಗ್ರಾಫ್ ಪೇಪರ್ ಇತ್ತು. ಅಡ್ಡಕ್ಕೆ ಗಂಟೆ, ಉದ್ದಕ್ಕೆ ಊರುಗಳು. ಒಂದೊಂದು ಬಸ್ಸಿಗೆ ಒಂದೊಂದು ಬಣ್ಣದ ಓರೆ ಗೆರೆ. ಕಾನ್ವೆಂಟಿನಲ್ಲಿ ನಮ್ಮ ಜಾಮಿಟ್ರಿ ಸಿಸ್ಟರ್ ಸ್ಕೇಲಿನ ಅಂಚಿನಲ್ಲಿ ಗೆಣ್ಣಿಗೆ ಹೊಡೆದು ಕಲಿಸಿದ್ದು ಒಂದೇ, ನೀಟ್‌ನೆಸ್. ಲೈನ್ಸ್ ಮಸ್ಟ್ ನಾಟ್ ಟಚ್, ಚೈಲ್ಡ್. ಆಗ ಸ್ಟ್ಯಾಂಡಿನಲ್ಲಿ ಆ ಎರಡು ರೂಟಿನ ಬಸ್ಸು ನಿಲ್ಲಲು ಇದ್ದದ್ದು ಒಂದೇ ಕಟ್ಟೆ. ಹರಿಹರದ ಬಸ್ಸು ಬರುವ ಮೊದಲು ಆವರಗೆರೆಯದು ಜಾಗ ಬಿಡಬೇಕು. ಹಾಗಾಗಿ ಎರಡು ನಿಮಿಷ ಮುಂಚೆ ಅದನ್ನು ಹೊರಡಿಸಿದೆ. ಗ್ರಾಫಿನ ಮೇಲೆ ಕೆಂಪು ಗೆರೆ ಮೇಲಿನಿಂದ ಬಂದು ನಿಲ್ಲುತ್ತದೆ, ನೀಲಿ ಗೆರೆ ಅದಕ್ಕೆ ತಾಗದ ಹಾಗೆ ಸರಿದು ಕೆಳಗೆ ಹೋಗುತ್ತದೆ. ನೋಡಿದವರೆಲ್ಲ ಮೆಚ್ಚಿದ್ದರು. ಒಂದು ಗೆರೆಯಿಂದ ಇನ್ನೊಂದಕ್ಕೆ ದಾಟಬೇಕಾದ ಮನುಷ್ಯರಿರುತ್ತಾರೆ ಎಂಬುದು, ಆನೆಸ್ಟ್‌ಲಿ, ನನ್ನ ತಲೆಗೆ ಬಂದಿರಲಿಲ್ಲ. ಆಮೇಲೆ ಕಟ್ಟೆಗಳು ಹೆಚ್ಚಾದವು, ಪಟ್ಟಿ ಕಂಪ್ಯೂಟರಿಗೆ ಹೋಯಿತು. ಆ ಎರಡು ನಿಮಿಷ ಹಾಗೆಯೇ ಉಳಿದುಕೊಂಡಿತು.

ರಿಟೈರ್ ಆಗಿ ದೇವರಾಜ ಅರಸು ಬಡಾವಣೆಯ ಮನೆಯಲ್ಲಿ ಗಿಡಕ್ಕೆ ನೀರು ಹಾಕಿಕೊಂಡಿದ್ದ ನನ್ನನ್ನು ಟ್ರಾಫಿಕ್ ಆಫೀಸರ್ ಕರೆಸಿಕೊಂಡಿದ್ದರು. ನನ್ನ ಅರ್ಧ ವಯಸ್ಸಿನವರು, ಹೊರಗಿನಿಂದ ಬಂದವರು, ಹುರುಪಿನ ಮನುಷ್ಯ. ಅವರ ಟೇಬಲ್ ಮೇಲೆ ಊರಿನ ನಕ್ಷೆ ಹರಡಿತ್ತು.

"ನೋಡಿ ಮೇಡಂ, ಎಲ್ಲಾ ರೂಟೂ ಸ್ಟ್ಯಾಂಡಿಗೆ ಬಂದು ಸಾಯುತ್ತೆ. ಪಶ್ಚಿಮದ್ದು ಪೂರ್ವಕ್ಕೆ ಹೋಗಲ್ಲ, ಪೂರ್ವದ್ದು ಪಶ್ಚಿಮಕ್ಕೆ ಹೋಗಲ್ಲ. ಸೆಂಟರ್ ದಾಟಿಸೋಣ. ಹರಿಹರದ್ದನ್ನ ತಗೊಂಡು ಆವರಗೆರೆದಕ್ಕೆ ಹೊಲಿಯೋಣ. ಹಳೇ ಪಟ್ಟಿ ಗೊತ್ತಿರೋರು ನೀವೊಬ್ಬರೇ."

ಅವತ್ತು ಹರಿಹರದ ಬಸ್ಸಿನಲ್ಲಿ ನಾನು ಇದ್ದದ್ದು ಅದಕ್ಕೇ. ಆಮೇಲಿನ ಮೀಟಿಂಗಿನಲ್ಲಿ ಒಬ್ಬ ಹಿರಿಯ ಅಧಿಕಾರಿ ಕೇಳಿದರು: ಹೆಂಗಸರಿಗೆ ಟಿಕೆಟ್ಟೇ ಫ್ರೀ, ಎರಡು ಬಸ್ಸು ಬದಲಾಯಿಸಿದರೆ ಅವರಿಗೇನು ನಷ್ಟ. ಸುತ್ತ ಕೂತವರು ನಕ್ಕರು. ನಾನು ಹೇಳಿದೆ, ಸರ್, ಟಿಕೆಟ್ಟು ಫ್ರೀ, ಬೆಳಗಿನ ಏಳೂವರೆ ಗಂಟೆ ಫ್ರೀ ಅಲ್ಲ. ಕೊನೆಗೆ ಸಿಕ್ಕಿದ್ದು ಇಷ್ಟು: ಒಂದೇ ಬಸ್ಸು, ಹದಿನೈದು ದಿನದ ಟ್ರಯಲ್. ಟೈಮಿಗೆ ಓಡಿದರೆ ಮುಂದುವರಿಯುತ್ತದೆ, ಇಲ್ಲದಿದ್ದರೆ ಮತ್ತೆ ಎರಡು ತುಂಡು.

ಏಳು ಇಪ್ಪತ್ತೈದನ್ನು ಏಳು ಮೂವತ್ತು ಮಾಡಿದರೆ ಮುಗಿಯುತ್ತಿತ್ತಲ್ಲ ಎಂದು ನೀವು ಕೇಳಬಹುದು. ನಾನೂ ಮೊದಲು ಅದನ್ನೇ ನೋಡಿದೆ. ಆ ಬಸ್ಸು ಆವರಗೆರೆಯಿಂದ ವಾಪಸು ತರುವುದು ಕಾಲೇಜಿನ ಮಕ್ಕಳನ್ನು. ಐದು ನಿಮಿಷ ಸರಿದರೆ ಅವರ ಮೊದಲ ಪೀರಿಯಡ್ ಹೋಗುತ್ತದೆ. ಮೇಲಾಗಿ ಹರಿಹರದ ಬಸ್ಸು ಪಿ.ಬಿ. ರೋಡಿನಲ್ಲಿ ಒಂದು ದಿನ ಆರು ನಿಮಿಷ ತಡವಾದರೆ ಆ ಐದು ನಿಮಿಷವೂ ದಂಡ. ಎರಡು ಬಸ್ಸು ಭೇಟಿಯಾಗುವುದೆಂದರೆ ಯಾವಾಗಲೂ ಅದೃಷ್ಟದ ಮಾತು. ಮಕ್ಕಳ ಆ ಬಸ್ಸನ್ನು ಅದರ ಟೈಮಿಗೇ ಬಿಟ್ಟು, ಹರಿಹರದ್ದನ್ನೇ ಆವರಗೆರೆಯವರೆಗೆ ಓಡಿಸಿ ಒಂದೇ ಬಸ್ಸು ಮಾಡಿದರೆ ಯಾರೂ ಯಾರನ್ನೂ ಕಾಯಬೇಕಾಗಿಲ್ಲ.

ಒಂದು ವಾರ ಆ ರಸ್ತೆಯ ಮೇಲೆಯೇ ಇದ್ದೆ. ಡ್ರೈವರ್ ಹಿಂದಿನ ಸೀಟು, ಮಡಿಲಲ್ಲಿ ನೋಟ್‌ಬುಕ್ಕು, ಕೈಯಲ್ಲಿ ಸ್ಟಾಪ್‌ವಾಚ್. ಹರಿಹರದಿಂದ ಸ್ಟ್ಯಾಂಡಿಗೆ ಮೂವತ್ತೇಳು ನಿಮಿಷ. ಗಾಂಧಿ ಸರ್ಕಲ್ಲಿನಲ್ಲಿ ಸಿಗ್ನಲ್ ತಪ್ಪಿದರೆ ಇನ್ನೂ ಒಂದೂವರೆ. ಸ್ಟ್ಯಾಂಡಿನಿಂದ ಆವರಗೆರೆಗೆ ಇಪ್ಪತ್ತು. ರಸ್ತೆಯ ಪಕ್ಕ ಹೂವಿನವರು, ಅವರ ಮುಂದೆ ಆಟೋಗಳು, ಆಟೋಗಳ ಮುಂದೆ ತಾವೇ ಟ್ರಾಫಿಕ್ ಪೊಲೀಸ್ ಅಂದುಕೊಂಡ ಎಮ್ಮೆಗಳು. ಮನೆಗೆ ಬಂದರೆ ಕೂರಲು ಆಗುತ್ತಿರಲಿಲ್ಲ. ಊಟದ ತಟ್ಟೆಯ ಪಕ್ಕ ಕಾಗದ ಇಟ್ಟುಕೊಂಡು ನಿಮಿಷ ಕೂಡುತ್ತಿದ್ದೆ, ಕಳೆಯುತ್ತಿದ್ದೆ. ತಿಂಗಳು ಮುಗಿಯಲು ಎಷ್ಟು ದಿನ ಎಂದು ಕ್ಯಾಲೆಂಡರ್ ನೋಡುತ್ತಿದ್ದೆ. ಆ ರೊಟ್ಟಿಯವಳ ತಿಂಗಳು.

ಹಳೆಯ ಪಟ್ಟಿಯಲ್ಲಿ ಹರಿಹರದ ಬಸ್ಸು ಸ್ಟ್ಯಾಂಡಿನಲ್ಲಿ ಎಂಟು ನಿಮಿಷ ನಿಲ್ಲುತ್ತಿತ್ತು. ನಮ್ಮ ಭಾಷೆಯಲ್ಲಿ ಲೇಓವರ್, ಅಂದರೆ ಬಸ್ಸು ಉಸಿರಾಡುವ ಹೊತ್ತು. ಈಗ ಸ್ಟ್ಯಾಂಡು ತುದಿಯಲ್ಲ, ನಡುವಿನ ಒಂದು ಸ್ಟಾಪು. ಎಂಟು ನಿಮಿಷ ಯಾಕೆ ಬೇಕು. ರಬ್ಬರ್ ತಗೊಂಡು ಅಳಿಸಿದೆ, ಒಂದು ನಿಮಿಷ ಬರೆದೆ. ಎರಡೂ ತುದಿಯಲ್ಲಿ ನಾಲ್ಕು ನಾಲ್ಕು ನಿಮಿಷ ಕೊಟ್ಟೆ. ಆರು ಐವತ್ತಕ್ಕೆ ಹರಿಹರ, ಏಳು ನಲವತ್ತೆಂಟಕ್ಕೆ ಆವರಗೆರೆ. ಅಲ್ಲಿಂದ ಆರು ನಿಮಿಷದ ನಡಿಗೆ, ಏಳು ಐವತ್ತನಾಲ್ಕಕ್ಕೆ ಒಲೆ. ದಿನಕ್ಕೆ ಆರು ಸಲ ಹೋಗಿ ಬರುವುದು. ಆ ಹಾಳೆಯನ್ನು ನೋಡಿ ಇಪ್ಪತ್ತೈದರ ಹುಡುಗಿಯ ಹಾಗೆ ಖುಷಿಪಟ್ಟೆ. ಒಂದೇ ಗೆರೆ, ಮೇಲಿನಿಂದ ಕೆಳಗಿನವರೆಗೆ.

ಮೊದಲ ದಿನ ಎಲ್ಲರೂ ಸ್ಟ್ಯಾಂಡಿನಲ್ಲಿ ಇಳಿದುಬಿಟ್ಟರು.

ಎಲ್ಲರೂ ಅಂದರೆ ಎಲ್ಲರೂ. ಬಸ್ಸಿನ ಹಣೆಯ ಮೇಲೆ ಹರಿಹರ–ಆವರಗೆರೆ ಎಂದು ಹೊಸ ಬೋರ್ಡು ಇತ್ತು. ಕಂಡಕ್ಟರ್ ಹರಿಹರದಲ್ಲಿಯೇ ಕೂಗಿ ಹೇಳಿದ್ದಳು. ಅವಳು ಹರಿಹರದವಳೇ, ಮೂವತ್ತು ದಾಟಿದವಳು, ದನಿ ದೊಡ್ಡದು. ಆದರೂ ಸ್ಟ್ಯಾಂಡು ಬಂದದ್ದೇ ಎಲ್ಲರೂ ಎದ್ದು ಸಾಲಾಗಿ ಇಳಿದರು. ಆವರಗೆರೆಗೆ ಟಿಕೆಟ್ ತಗೊಂಡವರೂ ಇಳಿದರು. ಕೈಯಲ್ಲಿ ಆವರಗೆರೆ ಟಿಕೆಟ್ ಹಿಡಿದುಕೊಂಡು, ತಾವು ಈಗ ತಾನೇ ಇಳಿದ ಬಸ್ಸಿನ ಪಕ್ಕದಲ್ಲೇ ನಿಂತು, ಆವರಗೆರೆ ಬಸ್ಸಿಗೆ ಕಾಯತೊಡಗಿದರು. ನಮ್ಮ ರೊಟ್ಟಿಯವಳೂ ಇಳಿದು ನಾಲ್ಕು ಹೆಜ್ಜೆ ಓಡಿ ನಿಂತಿದ್ದಳು. ನಾನೂ ಕಂಡಕ್ಟರೂ ಕಿಟಕಿಯಿಂದ ಕೂಗುವಷ್ಟರಲ್ಲಿ ಡ್ರೈವರ್ ಹೊರಟಾಗಿತ್ತು. ಖಾಲಿ ಬಸ್ಸಿನಲ್ಲಿ ನಾವು ಮೂವರು ಆವರಗೆರೆಗೆ ಹೋಗಿ ಬಂದೆವು.

"ಅಲ್ಲಾ ತಾಯಿ, ನಿನಗೆ ಹೇಳಿರಲಿಲ್ವಾ ನಾನು, ಕೂತಿರು ಅಂತ?" ಎಂದು ಮರುದಿನ ಕೇಳಿದೆ.

"ಹೇಳಿದ್ರಿ ರೀ. ಕಾಲು ಕೇಳಬೇಕಲ್ಲ," ಎಂದಳು ರೊಟ್ಟಿಯವಳು.

ಎರಡನೇ ದಿನ ಕಂಡಕ್ಟರ್ ಬಾಗಿಲಿಗೆ ಅಡ್ಡ ನಿಂತಳು. "ಎಲ್ಲಿಗ್ರಿ ಯಜಮಾನ್ರೇ, ಆವರಗೆರೆ ಅಂದ್ರಿ, ಇಲ್ಲೇ ಇಳೀತೀರಿ. ಕೂಡ್ರಿ." ಒಬ್ಬ ಮುದುಕರು ಸಿಟ್ಟಾದರು. "ಬಸ್ಸು ನಿಂತೈತೆ, ಲಾಸ್ಟ್ ಸ್ಟಾಪು, ನಿಂಗೇನ್ ಗೊತ್ತಮ್ಮ, ನಾನು ನಲವತ್ತು ವರ್ಷದಿಂದ ಇಲ್ಲೇ ಇಳೀತೀನಿ." ಹತ್ತಾರು ಜನರ ಮುಂದೆ ಅವಳು ಎಷ್ಟು ಅಂತ ತಡೆಯುತ್ತಾಳೆ. ಮೂರನೇ ದಿನ ಇಳಿಯದೆ ಉಳಿದವರು ಇಬ್ಬರು. ಅವರಲ್ಲಿ ಒಬ್ಬರು ನಿದ್ದೆ ಮಾಡುತ್ತಿದ್ದರು.

ನಾಲ್ಕನೇ ದಿನ ನಾನು ಕೈಯಲ್ಲಿ ಏನೂ ಇಟ್ಟುಕೊಳ್ಳದೆ ಸುಮ್ಮನೆ ಕೂತೆ. ಜನ ಯಾವಾಗ ಏಳುತ್ತಾರೆ ಎಂದಷ್ಟೇ ನೋಡಿದೆ. ಬಸ್ಸು ಗೇಟು ದಾಟಿತು, ಯಾರೂ ಏಳಲಿಲ್ಲ. ಕಟ್ಟೆಗೆ ತಾಗಿ ನಿಂತಿತು, ಆಗಲೂ ಏಳಲಿಲ್ಲ. ಡ್ರೈವರ್ ಎಂಜಿನ್ ಆಫ್ ಮಾಡಿದ. ಆ ಗಡಗಡ ನಿಂತು ಸದ್ದಡಗಿತಲ್ಲ, ಅದೇ ಕ್ಷಣಕ್ಕೆ ಇಡೀ ಬಸ್ಸು ಎದ್ದು ನಿಂತಿತು, ಚರ್ಚಿನಲ್ಲಿ ಪ್ರೇಯರ್ ಮುಗಿದಾಗ ಎಲ್ಲರೂ ಏಳುವ ಹಾಗೆ. ಜನ ಬೋರ್ಡು ಓದುವುದಿಲ್ಲ, ಕಂಡಕ್ಟರ್ ಮಾತು ಕೇಳುವುದಿಲ್ಲ. ಅವರು ಎಂಜಿನ್ ಕೇಳುತ್ತಾರೆ. ಅದು ಸುಮ್ಮನಾದರೆ ಊರು ಬಂತು ಎಂದರ್ಥ.

ಡ್ರೈವರ್ ಯಾಕೆ ಆಫ್ ಮಾಡುತ್ತಾನೆ? ಲಾಗ್ ಶೀಟ್ ಹಿಡಿದು ಇಳಿದು, ಸ್ಟ್ಯಾಂಡ್ ಕಂಟ್ರೋಲರ್ ಕಿಂಡಿಗೆ ಹೋಗಿ, ಬಂದ ಹೊತ್ತು ಬರೆಸಿ ಸೈನ್ ಹಾಕಿಸಬೇಕು. ಸೀಟು ಬಿಟ್ಟು ಇಳಿಯುವಾಗ ಎಂಜಿನ್ ಬಂದ್ ಮಾಡಲೇಬೇಕು. ಹಾಗೆಂದು ಕಿಂಡಿಯ ಪಕ್ಕ ಒಂದು ಬೋರ್ಡು ಇದೆ, ಬಣ್ಣ ಮಾಸಿದ್ದು. ಆ ಬೋರ್ಡಿನ ವಾಕ್ಯವನ್ನು ಡ್ರಾಫ್ಟ್ ಮಾಡಿದವಳೂ ನಾನೇ. ಹಾಗೆ ನೋಡಿದರೆ ಆ ಸ್ಟ್ಯಾಂಡಿನಲ್ಲಿ ನನ್ನದಲ್ಲದ ತಪ್ಪು ಹುಡುಕಬೇಕಾಗಿತ್ತು.

ಕಂಟ್ರೋಲರ್ ಹತ್ತಿರ ಹೋದೆ. ರಿಟೈರ್‌ಮೆಂಟಿಗೆ ಹತ್ತಿರ ಬಂದ ಮನುಷ್ಯ, ನಾನು ಸರ್ವಿಸಿನಲ್ಲಿದ್ದಾಗ ಹೊಸದಾಗಿ ಸೇರಿದವರು.

"ಈ ಒಂದು ಬಸ್ಸಿಗೆ ನೀವೇ ಬಂದು ಕಿಟಕಿ ಹತ್ರ ಸೈನ್ ಹಾಕಬೇಕು," ಎಂದೆ. "ಡ್ರೈವರ್ ಇಳಿಯಬಾರದು. ಎಂಜಿನ್ ಓಡ್ತಾ ಇರಬೇಕು."

ಅವರು ಕನ್ನಡಕ ತೆಗೆದರು. "ಅಂದ್ರೆ ನಾನು ಎದ್ದು ಹೋಗಬೇಕು."

"ಹೌದು."

"ಡ್ರೈವರ್ ಕೂತಿರ್ತಾನೆ."

"ಹೌದು."

"ಮೇಡಮ್ಮಾರೆ, ನಿಮ್ಮ ಬಗ್ಗೆ ಗೌರವ ಐತೆ. ಆದ್ರೆ ಇಷ್ಟು ವರ್ಷ ಡ್ರೈವರುಗಳು ಈ ಕಿಂಡಿಗೆ ಬಂದು ತಲೆ ಬಗ್ಗಿಸಿ ಸೈನ್ ತಗೊಂಡು ಹೋಗ್ಯಾರೆ. ನಾಳಿಂದ ನಾನು ಬಸ್ಸಿನ ಕೆಳಗೆ ನಿಂತು ಕತ್ತು ಎತ್ತಬೇಕಾ? ಹುಡುಗರು ನಗಾಕಿಲ್ಲೇನು? ಬೇಕಾದ್ರೆ ಲೆಟರ್ ತಗೊಂಬರ್ರಿ."

ಕಿಂಡಿ ತಗ್ಗಿನಲ್ಲಿದೆ, ನಿಜ. ಎಂಥ ಡ್ರೈವರಾದರೂ ಅಲ್ಲಿ ಬಗ್ಗಲೇಬೇಕು. ಲೆಟರ್ ತರಬಹುದಿತ್ತು. ಆಫೀಸರ್ ಒಂದು ಗಂಟೆಯಲ್ಲಿ ಬರೆದುಕೊಡುತ್ತಿದ್ದರು. ಆದರೆ ಲೆಟರಿನಿಂದ ಎದ್ದ ಕಂಟ್ರೋಲರ್ ದಿನಾ ಮೂರು ನಿಮಿಷ ತಡವಾಗಿ ಏಳುತ್ತಾರೆ ಎಂಬುದು ನನಗೆ ಗೊತ್ತಿತ್ತು. ಅವತ್ತು ಸಂಜೆಯವರೆಗೂ ಮನೆಯಲ್ಲಿ ವರಾಂಡದಿಂದ ಅಡುಗೆಮನೆಗೆ, ಅಡುಗೆಮನೆಯಿಂದ ವರಾಂಡಕ್ಕೆ ನಡೆದೆ.

ಐದನೇ ದಿನ ಬೆಳಿಗ್ಗೆ ಏಳು ಇಪ್ಪತ್ತಕ್ಕೆ ಕಿಂಡಿಯ ಮುಂದೆ ನಿಂತೆ. ಕೈ ಚಾಚಿ ಅವರ ಪೆನ್ನನ್ನೂ ರಿಜಿಸ್ಟರನ್ನೂ ಕೇಳಿದೆ. ಏನೋ ನೋಡಲಿಕ್ಕೆ ಎಂದುಕೊಂಡು ಕೊಟ್ಟರು. ಬಸ್ಸು ಬಂತು. ನಾನು ಆ ರಿಜಿಸ್ಟರ್ ಹಿಡಿದುಕೊಂಡು, ನನ್ನ ಸರಿಯಿಲ್ಲದ ಮೊಣಕಾಲನ್ನು ಎಳೆಯುತ್ತ ಕಟ್ಟೆಯ ಕಡೆ ಹೊರಟೆ. ಅರ್ಧ ದಾರಿಯಲ್ಲಿ ಹಿಂದಿನಿಂದ ಚಪ್ಪಲಿ ಸದ್ದು.

"ಕೊಡ್ರಿ ಇಲ್ಲಿ," ಎಂದರು ಕಂಟ್ರೋಲರ್. "ನೀವು ಬಿದ್ದು ಗಿದ್ದು, ನನ್ನ ಹೆಸರಿಗೆ ಬರ್ತೈತೆ."

ಪೆನ್ನು ಕಸಿದುಕೊಂಡು, ಕಿಟಕಿಗೆ ಕತ್ತು ಎತ್ತಿ, ಡ್ರೈವರನ್ನು ನೋಡದೆಯೇ ಸೈನ್ ಹಾಕಿದರು. "ಏನು ಸಾಹೇಬ್ರೇ, ಇವತ್ತು ಹೋಮ್ ಡೆಲಿವರಿ," ಎಂದ ಡ್ರೈವರ್. "ಬಾಯ್ಮುಚ್ಚಿಕೊಂಡು ಗಾಡಿ ಬಿಡಪ್ಪ," ಎಂದರು. ಎಂಜಿನ್ ಗಡಗಡ ಎನ್ನುತ್ತಲೇ ಇತ್ತು. ಸ್ಟ್ಯಾಂಡಿನ ಸುತ್ತಮುತ್ತ ಕೆಲಸವಿದ್ದವರು ಇಳಿದರು. ಉಳಿದವರು ಅರ್ಧ ಎದ್ದು, ಒಬ್ಬರ ಮುಖ ಒಬ್ಬರು ನೋಡಿ, ಮತ್ತೆ ಕೂತರು. ರೊಟ್ಟಿಯವಳು ಮುಂದಿನ ಸೀಟಿನ ಕಂಬಿಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಕಾಲನ್ನು ಒಳಗೆ ಎಳೆದುಕೊಂಡು ಕೂತಿದ್ದಳು. ಅವತ್ತು ಅವಳು ಎಂಟಕ್ಕೆ ಐದು ನಿಮಿಷವಿರುವಾಗ ಒಲೆಯ ಮುಂದೆ ಕೂತಳಂತೆ.

ಇಲ್ಲಿಗೆ ಮುಗಿದಿದ್ದರೆ ನಾನು ಇದನ್ನು ಬರೆಯುತ್ತಿರಲಿಲ್ಲ.

ಎಂಟನೇ ದಿನ, ಬಿಸಿಲು ಜಾಸ್ತಿ. ಆವರಗೆರೆಯಲ್ಲಿ ಬಸ್ಸು ತಿರುಗಿಸುವಾಗ ನನ್ನ ಫ್ಲಾಸ್ಕಿನಿಂದ ನೀರು ಬಗ್ಗಿಸಿ ಕಂಡಕ್ಟರಿಗೆ ಕೊಟ್ಟೆ. ಬೇಡ ಎಂದಳು. ಎರಡನೇ ಟ್ರಿಪ್ಪಿನಲ್ಲೂ ಕೊಟ್ಟೆ. ತುಟಿ ಒಣಗಿತ್ತು, ಆದರೂ ಬೇಡ ಎಂದಳು.

"ಯಾಕಮ್ಮ, ನಾನು ಕುಡಿದ ಲೋಟ ಅಂತಾನಾ?"

"ಅಯ್ಯೋ ಹಂಗಲ್ರೀ ಮೇಡಂ." ಸುತ್ತ ನೋಡಿದಳು. ಡ್ರೈವರ್ ಬೇಲಿಯ ಆಚೆ ಹೋಗಿದ್ದ. ಅವನು ಹೋದ ಕಡೆಯೇ ಕಣ್ಣು ತೋರಿಸಿದಳು. "ಅವರಿಗೆ ಬಯಲು ಐತೆ. ನಮಗೆಲ್ಲಿ ಐತೆ? ಮೊದಲು ಸ್ಟ್ಯಾಂಡಿನಾಗೆ ಎಂಟು ನಿಮಿಷ ಇರ್ತಿತ್ತು, ಲೇಡೀಸ್ ರೂಮಿಗೆ ಹೋಗಿ ಬರ್ತಿದ್ವಿ. ಈಗ ಮನೆ ಬಿಟ್ರೆ ವಾಪಸ್ ಹರಿಹರಕ್ಕೆ ಹೋಗೋ ತನಕ ಇಲ್ಲ. ಅಲ್ಲಿ ನಾಲ್ಕು ನಿಮಿಷ ಕೊಟ್ಟಾರೆ, ಅದನ್ನೂ ಟ್ರಾಫಿಕ್ ತಿಂದಿರ್ತೈತೆ. ಅದಕ್ಕೇ ನೀರು ಬಿಟ್ಟೀನಿ." ಚೀಲದ ಪಟ್ಟಿ ಸರಿಮಾಡಿಕೊಂಡು ಹೇಳಿದಳು, "ಎರಡು ದಿನದಿಂದ ಉರಿ ಬೇರೆ. ಬೇರೆ ಡ್ಯೂಟಿ ಕೇಳೋಣ ಅಂತ ಮಾಡೀನಿ. ನಿಮಗೆ ಬ್ಯಾಸರ ಆಗ್ತೈತೆ ಅಂತ ಹೇಳಿರಲಿಲ್ಲ."

ಆ ಲೋಟದ ನೀರನ್ನು ನಾನು ಏನು ಮಾಡಿದೆ, ನೆನಪಿಲ್ಲ.

ಸೆಕ್ಷನ್ನಿನಲ್ಲಿ ನಾನೊಬ್ಬಳೇ ಹೆಣ್ಣು ಆಗಿದ್ದ ಕಾಲದಲ್ಲಿ ಸ್ಟ್ಯಾಂಡಿನ ಆ ಲೇಡೀಸ್ ರೂಮಿಗೆ ಬೀಗ ಇರುತ್ತಿತ್ತು. ಬೀಗದ ಕೈ ಗಂಡಸೊಬ್ಬರ ಡ್ರಾಯರಿನಲ್ಲಿ. ದಿನಾ ಹೋಗಿ ಕೇಳಬೇಕು. ಆ ಕೀ ಮೊಳೆಗೆ ನೇತುಹಾಕಿಸಲಿಕ್ಕೆ ನಾನು ಒಂದು ವರ್ಷ ಜಗಳಾಡಿದ್ದೇನೆ. ಅಂಥವಳು ಎಂಟು ನಿಮಿಷ ಅಳಿಸುವಾಗ ಅದರೊಳಗೆ ಏನಿದೆ ಎಂದು ನೋಡಲಿಲ್ಲ. ಬಸ್ಸು ಉಸಿರಾಡುವ ಹೊತ್ತು ಎಂದು ಅದಕ್ಕೆ ಚೆಂದದ ಹೆಸರು ಬೇರೆ. ಹೌ ಸ್ಟುಪಿಡ್.

ಆ ಎಂಟು ನಿಮಿಷ ಸ್ಟ್ಯಾಂಡಿನಲ್ಲಿ ವಾಪಸು ಇಟ್ಟರೆ ರೊಟ್ಟಿಯವಳ ಎಂಟು ಗಂಟೆ ಹೋಗುತ್ತದೆ. ಇಡದಿದ್ದರೆ ಇವಳ ಮೈ ಹೋಗುತ್ತದೆ. ಟ್ರಾಫಿಕ್ ಆಫೀಸರ್ ಕೇಳಿ ಮರುಗಿದರು. ನಿಜವಾಗಿಯೂ ಮರುಗಿದರು. ಆಮೇಲೆ ಹೇಳಿದರು, "ಸಿಂಪಲ್ ಮೇಡಂ. ಈ ಶೆಡ್ಯೂಲಿಗೆ ಲೇಡಿ ಕಂಡಕ್ಟರ್ ಹಾಕೋದೇ ಬೇಡ. ನಾಳೆಯಿಂದ ಜೆಂಟ್ಸ್ ಕೊಡ್ತೀನಿ. ಆಕೆಗೂ ಆರಾಮ."

ಅದು ಸುಲಭವಿತ್ತು. ಉಳಿದ ಏಳು ದಿನ ಬಸ್ಸು ಟೈಮಿಗೆ ಓಡುತ್ತಿತ್ತು, ಟ್ರಯಲ್ ಪಾಸಾಗುತ್ತಿತ್ತು. ನಾನು ಹೂಂ ಎನ್ನಲು ಬಾಯಿ ತೆರೆದಿದ್ದೆ ಕೂಡ. ಆದರೆ ಇವತ್ತು ಈ ಬಸ್ಸಿಗೆ ಹೆಂಗಸರು ಬೇಡ ಎಂದರೆ, ನಾಳೆ ಸೆಂಟರ್ ದಾಟಿಸುವ ಪ್ರತಿಯೊಂದು ಬಸ್ಸಿಗೂ ಅದೇ ಫೈಲನ್ನು ತೆಗೆದು ತೋರಿಸುತ್ತಾರೆ. ಆ ಕೀ ಮತ್ತೆ ಡ್ರಾಯರಿಗೆ ಹೋಗುತ್ತದೆ.

"ಬೇಡ ಸರ್," ಎಂದೆ. "ಅವಳು ಮನೆ ಹತ್ರದ ಡ್ಯೂಟಿ ಅಂತ ಇದನ್ನ ತಗೊಂಡವಳು. ಅವಳನ್ನ ತೆಗೆಯೋದಾದ್ರೆ ನನ್ನ ಹಾಳೇನೂ ವಾಪಸ್ ಕೊಡಿ. ಟ್ರಯಲ್ ಫೇಲ್ ಅಂತ ನಾನೇ ಬರೆದುಕೊಡ್ತೀನಿ."

"ಮತ್ತೆ ಆ ರೊಟ್ಟಿ ಮಾಡೋರು?"

"ಎರಡು ದಿನ ಕೊಡಿ," ಎಂದೆ.

ಮರುದಿನ ಬಸ್ಸಿನಲ್ಲಿ ರೊಟ್ಟಿಯವಳ ಪಕ್ಕ ಕೂತು ಎಲ್ಲ ಹೇಳಿದೆ, ಮುಚ್ಚಿಡದೆ. ಅವಳು ಕಂಡಕ್ಟರ್ ಕಡೆ ನೋಡಿದಳು. ಅವಳ ಮುಖದಲ್ಲಿ ಮೊದಲು ಬಂದದ್ದು ಸಿಟ್ಟು.

"ಅಲ್ಲವ್ವ, ಎಂಟು ದಿನದಿಂದ ಹಲ್ಲು ಕಚ್ಚಿಕೊಂಡು ನಿಂತೀಯಲ್ಲ, ಬಾಯಾಗೆ ಏನು ಮಂಡಕ್ಕಿ ತುಂಬಿಕೊಂಡಿದ್ದೇನು? ನಮ್ಮ ಹಾಸ್ಟೆಲ್ಲಿನಾಗೆ ಬಾತ್ರೂಮು ಸಾಲು ಸಾಲು ಅದಾವೆ. ಬೆಳಿಗ್ಗೆ ನಾನೇ ಹೋಗ್ತೀನಿ."

"ಅಕ್ಕಾ, ಆರು ನಿಮಿಷ ನಡಿಯೋದು ಅಂದ್ರೆ, ಹೋಗಿ ಬರೋಕೇ ಹನ್ನೆರಡು ಆತು," ಎಂದಳು ಕಂಡಕ್ಟರ್.

"ಬಸ್ಸಿಗೆ ಕಾಲಿಲ್ಲೇನು? ಗೇಟಿನ ತನಕ ಬರಾಕೆ ಏನು ಧಾಡಿ ಅದಕ್ಕೆ?"

ನಾನು ನೋಟ್‌ಬುಕ್ ತೆಗೆದೆ. ಹಾಸ್ಟೆಲ್ ಗೇಟಿನವರೆಗೆ ಬಸ್ಸಿಗೆ ಮೂರು ನಿಮಿಷ. ರೊಟ್ಟಿಯವಳಿಗೆ ನಡಿಗೆಯೂ ಉಳಿಯುತ್ತದೆ.

ಹಾಸ್ಟೆಲಿನ ವಾರ್ಡನ್ನೇ ಮೆಸ್ಸಿನ ಯಜಮಾನಿ, ಎಂಟು ಗಂಟೆಯ ಗಡುವು ಕೊಟ್ಟವರು. ಬಿಗಿಯಾಗಿ ಜಡೆ ಹಾಕಿದ, ಬಿಗಿಯಾಗಿ ಮಾತಾಡುವ ಹೆಂಗಸು. ನಾನು ಕಾನ್ವೆಂಟ್ ಇಂಗ್ಲಿಷಿನಲ್ಲಿ ಶುರು ಮಾಡಿದೆ. ಅವರು ಕನ್ನಡದಲ್ಲಿ ಮುಗಿಸಿದರು.

"ಹೊರಗಿನವರನ್ನ ಒಳಗೆ ಬಿಡೋ ರೂಲ್ ಇಲ್ರಿ ನಮ್ಮಲ್ಲಿ."

ರೊಟ್ಟಿಯವಳು ಬಾಗಿಲಲ್ಲೇ ನಿಂತಿದ್ದವಳು ಹೇಳಿದಳು, "ಮೇಡಂ, ಬಸ್ಸು ಗೇಟಿಗೇ ಬರ್ತೈತೆ ಅಂದ್ರೆ ನಮ್ಮ ಹುಡುಗೀರು ಮಳಿಯಾಗೆ ನಡೀಬೇಕಾಗಿಲ್ಲ ನೋಡ್ರಿ. ಮನೆಯೋರು ಫೋನ್ ಮಾಡಿದ್ರೆ ಹೇಳಬೋದು, ನಮ್ಮ ಹಾಸ್ಟೆಲ್ಲಿಗೆ ಬಸ್ಸು ಬರ್ತೈತೆ ಅಂತ."

ವಾರ್ಡನ್ ಅವಳನ್ನು ನೋಡಿದರು, ನನ್ನನ್ನು ನೋಡಿದರು, ಹೊರಗೆ ಚೀಲ ಹಿಡಿದು ನಿಂತಿದ್ದ ಕಂಡಕ್ಟರನ್ನು ನೋಡಿದರು. "ಯೂನಿಫಾರಂನಾಗೆ ಇರಬೇಕು," ಎಂದರು. "ಮತ್ತೆ ಆಕೆ ಒಬ್ಬಾಕೆ ಅಷ್ಟೇ ಅಲ್ಲ, ಯಾವ ಲೇಡಿ ಕಂಡಕ್ಟರ್ ಬಂದ್ರೂ ಸರಿ. ಗಂಡಸರು ಗೇಟಿನಾಚೆ."

ಅದನ್ನು ನಾನು ಕೇಳಿರಲಿಲ್ಲ. ಅವರೇ ಹೇಳಿದರು.

ಬಸ್ಸು ಅಲ್ಲಿ ತಿರುಗುತ್ತದೋ ಎಂದು ಡ್ರೈವರ್ ಎರಡು ಸಲ ರಿವರ್ಸ್ ತೆಗೆದು ನೋಡಿದ. ಒಂದು ಕಲ್ಲು ಸರಿಸಬೇಕಾಯಿತು. ಹೊಸ ಹಾಳೆಯಲ್ಲಿ ಹಾಸ್ಟೆಲ್ ಗೇಟಿನಲ್ಲಿ ಹತ್ತು ನಿಮಿಷ, ಹರಿಹರದಲ್ಲಿ ಎಂಟು ನಿಮಿಷ ಇಟ್ಟೆ. ನಿಮಿಷಗಳು ಗಾಳಿಯಿಂದ ಬರುವುದಿಲ್ಲ, ಎಲ್ಲಿಂದಲೋ ಕೀಳಬೇಕು. ದಿನದ ಆರು ಟ್ರಿಪ್ಪಿನಲ್ಲಿ ಒಂದನ್ನು ತೆಗೆದೆ, ಮಧ್ಯಾಹ್ನ ಎರಡೂವರೆಯದು. ಆ ಬಸ್ಸಿಗೆ ಬರುತ್ತಿದ್ದವರು ಯಾರು ಎಂದು ಇವತ್ತಿಗೂ ಯೋಚನೆ ಬರುತ್ತದೆ. ಅವರಲ್ಲೊಬ್ಬರು ಕಟ್ಟೆಯ ಮೇಲೆ ಕೂತು, ಈ ಟೈಮು ಬರೆದೋನು ಯಾರೋ ಎಂದು ಅಂದುಕೊಳ್ಳುತ್ತಿರಬಹುದು.

ಕಂಡಕ್ಟರ್ ಮೂರು ದಿನ ರಜೆ ಹಾಕಿ ಔಷಧಿ ತಗೊಂಡು ಮತ್ತೆ ಅದೇ ಬಸ್ಸಿಗೆ ಬಂದಳು. ಟ್ರಯಲ್ ಬಗ್ಗೆ ಆಫೀಸಿನಲ್ಲಿ ಏನು ತೀರ್ಮಾನವಾಗುತ್ತದೋ ಯಾರಿಗೂ ಗೊತ್ತಿರಲಿಲ್ಲ. ತಡವಾದ ದಿನಗಳು ಎಷ್ಟು, ಹೊಸ ಹಾಳೆಯನ್ನು ಲೆಕ್ಕಕ್ಕೆ ತಗೊಳ್ಳುತ್ತಾರೋ ಇಲ್ಲವೋ ಎಂದು ನಾನು ದಿನಕ್ಕೆ ಎರಡು ಸಲ ಆಫೀಸರಿಗೆ ಫೋನ್ ಮಾಡುತ್ತಿದ್ದೆ, ಕೊನೆಗೆ ಅವರು ಎತ್ತುವುದನ್ನೇ ಬಿಟ್ಟರು.

ಹದಿನೈದನೇ ದಿನ ನಾನು ಹರಿಹರದಿಂದಲೇ ಹತ್ತಿದೆ. ಆರು ಐವತ್ತು. ಕಂಡಕ್ಟರ್ ನನ್ನ ಹತ್ತಿರ ಬಂದು ಬಗ್ಗಿ ಮೆಲ್ಲಗೆ ಹೇಳಿದಳು, ಡಿಪೋಗೆ ಆರ್ಡರ್ ಬಂದಿದೆಯಂತೆ, ಈ ಒಂದು ಬಸ್ಸು ಹೀಗೆಯೇ ಓಡುತ್ತದಂತೆ, ಬೇರೆ ರೂಟುಗಳದ್ದು ಆಮೇಲೆ ನೋಡುತ್ತಾರಂತೆ. ಊರನ್ನು ಹೀಗೆ ದಾಟುವ ಆರು ರೂಟಿನ, ಆರು ಗೆರೆಗಳ ಆಸೆ ಇತ್ತು ನನಗೆ. ಒಂದು ಸಿಕ್ಕಿತು. ವಾಚು ನೋಡಿಕೊಂಡೆ. ಆರ್ಡರ್ ಬಂದರೂ ಕೈ ವಾಚಿನ ಕಡೆಗೇ ಹೋಗುತ್ತಿತ್ತು.

ಏಳು ಇಪ್ಪತ್ತೆಂಟಕ್ಕೆ ಸ್ಟ್ಯಾಂಡು. ಕಂಟ್ರೋಲರ್ ಆಗಲೇ ಕಟ್ಟೆಯ ಮೇಲೆ ನಿಂತಿದ್ದರು. ಅವರು ಎಲ್ಲಿಂದಲೋ ಒಂದು ಮರದ ಪೆಟ್ಟಿಗೆ ತಂದು ಇಟ್ಟುಕೊಂಡಿದ್ದರು. ಅದರ ಮೇಲೆ ಹತ್ತಿ ನಿಂತರೆ ಡ್ರೈವರ್ ಕಿಟಕಿ ಅವರ ಎದೆಯ ಮಟ್ಟಕ್ಕೆ ಬರುತ್ತಿತ್ತು. ಡ್ರೈವರೇ ಸ್ವಲ್ಪ ಬಗ್ಗಬೇಕು. ಸೈನ್ ಹಾಕಿದರು. ಎಂಜಿನ್ ಗಡಗಡ ಎನ್ನುತ್ತಿತ್ತು.

ಸ್ಟ್ಯಾಂಡಿನಲ್ಲಿ ಕೆಲಸವಿದ್ದವರು ಇಳಿದ ಮೇಲೂ ಬಸ್ಸಿನಲ್ಲಿ ಎದ್ದು ನಿಂತವಳು ಒಬ್ಬಳೇ. ಬ್ಯಾಗು ಹೆಗಲಿಗೆ ಹಾಕಿಕೊಂಡು, ಕಂಬಿ ಹಿಡಿದು, ಇಳಿಯಲು ತಯಾರಾಗಿ ನಿಂತಿದ್ದೆ.

"ಎಲ್ಲಿಗ್ರಿ ಅಮ್ಮಾರೆ?" ರೊಟ್ಟಿಯವಳು ನನ್ನ ಸೆರಗು ಹಿಡಿದು ಜಗ್ಗಿದಳು. "ಕೂಡ್ರಿ ಸುಮ್ನೆ. ಇನ್ನೂ ಬಂದಿಲ್ಲ."

ಕೂತೆ. ಬಸ್ಸು ಗೇಟು ದಾಟಿ ಪಿ.ಬಿ. ರೋಡಿಗೆ ಬಿತ್ತು.

ಏಳು ಐವತ್ತೆರಡಕ್ಕೆ ಹ್ಯಾಂಡ್‌ಬ್ರೇಕ್ ಎಳೆದ ಸದ್ದು. ಹಾಸ್ಟೆಲ್ ಗೇಟು. ಡ್ರೈವರ್ ಎಂಜಿನ್ ಆಫ್ ಮಾಡಿದ. ಎಲ್ಲರೂ ಎದ್ದರು. ರೊಟ್ಟಿಯವಳು ಗಂಟು ಹಿಡಿದು ಮೊದಲು ಇಳಿದಳು, ಅವಳ ಹಿಂದೆ ಕಂಡಕ್ಟರ್ ಚೀಲವನ್ನು ಡ್ರೈವರ್ ಪಕ್ಕ ಇಟ್ಟು ಇಳಿದಳು. ಇಬ್ಬರೂ ಏನೋ ಮಾತಾಡಿಕೊಂಡು ಗೇಟಿನೊಳಗೆ ಹೋದರು, ಓಡದೆ. ನಾನು ಖಾಲಿ ಬಸ್ಸಿನಲ್ಲಿ ಸ್ವಲ್ಪ ಹೊತ್ತು ಹಾಗೆಯೇ ಕೂತಿದ್ದೆ. ಹತ್ತು ನಿಮಿಷವಿತ್ತು.